ಹೂಂ ಬಾರದ ಜಾಗ

ಮಾತು ಕತ್ತರಿಸುವುದು ನನ್ನ ಕಸುಬು. ಮಕ್ತಲದಲ್ಲಿ ಯಾರಿಗಾದರೂ ಹೀಗೆ ಹೇಳಿದರೆ ನಗುತ್ತಾರೆ. ಎದುರಿನವರ ಮಾತನ್ನು ನಡುವೆ ಕತ್ತರಿಸುವುದರಲ್ಲಿ ನಾನು ನಮ್ಮ ಓಣಿಗೆಲ್ಲ ಪ್ರಸಿದ್ಧಳು. ಆದರೆ ಇದು ಬೇರೆ. ಯಾರೋ ಎಲ್ಲೋ ಕುಳಿತು ತಾಸುಗಟ್ಟಲೆ ಆಡಿದ ಮಾತು ಒಂದೇ ಉದ್ದನೆಯ ರೆಕಾರ್ಡಿಂಗ್ ಆಗಿ ನನ್ನ ಲ್ಯಾಪ್‌ಟಾಪಿಗೆ ಬರುತ್ತದೆ. ಅದನ್ನು ಅರ್ಧರ್ಧ ತಾಸಿನ ಕಂತುಗಳಾಗಿ ಒಡೆಯಬೇಕು. ಒಂದೊಂದು ಕಂತಿನಿಂದಲೂ ಜನ ಫೋನಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುವಂಥ ಚಿಕ್ಕ ಕ್ಲಿಪ್ಪುಗಳನ್ನು ಎತ್ತಬೇಕು. ಕೆಮ್ಮು, ಕುರ್ಚಿ ಎಳೆದ ಸದ್ದು, ಬೀದಿಯಲ್ಲಿ ಹೋದ ಆಟೋ, ಎಲ್ಲ ತೆಗೆಯಬೇಕು. ಅದರಲ್ಲೇನಿದೆ, ಕಟ್ ಮಾಡುವುದು ತಾನೇ ಎಂದು ನಮ್ಮವರು ಮೂಗು ಮುರಿಯುತ್ತಾರೆ. ಎಲ್ಲಿ ಕಟ್ ಮಾಡಬೇಕು ಅನ್ನುವುದರಲ್ಲೇ ನನ್ನ ಅರ್ಧ ಕೂದಲು ಹಣ್ಣಾಗಿದೆ.

ಈ ವಿದ್ಯೆ ಕಲಿತದ್ದು ನಾರಾಯಣಪೇಟೆಯ ಒಂದು ವಿಡಿಯೋ ಅಂಗಡಿಯಲ್ಲಿ. ಆಗಿನ್ನೂ ತೆಲಂಗಾಣ ಬೇರೆ ರಾಜ್ಯವಾಗಿರಲಿಲ್ಲ. ಮದುವೆ ವಿಡಿಯೋಗಳಲ್ಲಿ ಅಳುವ ಮದುಮಗಳನ್ನು ಉಳಿಸಿ, ಊಟದ ಪಂಕ್ತಿಯಲ್ಲಿ ಜಗಳ ತೆಗೆದ ಬೀಗರನ್ನು ಕತ್ತರಿಸುವುದು ನನ್ನ ಪಾಲಿನ ಕೆಲಸ. ಬೀಗರು ಬಹಳ ಸಿಟ್ಟಿನವರಾದರೆ ವಿಡಿಯೋ ಅರ್ಧ ತಾಸು ಕಡಿಮೆಯಾಗುತ್ತಿತ್ತು. ಆಮೇಲೆ ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂತು, ಅಂಗಡಿ ಮುಚ್ಚಿತು. ನಾನು ಕಲಿತದ್ದು ಮಾತ್ರ ಕೈಯಲ್ಲೇ ಉಳಿಯಿತು.

ಅದನ್ನು ಮತ್ತೆ ಕೆಲಸಕ್ಕೆ ಹಚ್ಚಿದವರು ನನಗೆ ಕನ್ನಡ ಶಾಲೆಯಲ್ಲಿ ಕಲಿಸಿದ ಮಾಸ್ತರರು. ತೆಲಂಗಾಣ ಆಯಿತು, ನಾರಾಯಣಪೇಟೆ ಜಿಲ್ಲೆಯೂ ಆಯಿತು, ಅಷ್ಟರಲ್ಲಿ ಅವರಿಗೆ ನಿವೃತ್ತಿಯೂ ಆಗಿತ್ತು. ಆಂಧ್ರದಲ್ಲಿದ್ದಾಗಲೂ ನಾವು ಅಂಚಿನವರು, ತೆಲಂಗಾಣ ಬಂದ ಮೇಲೂ ಅಂಚಿನವರೇ, ನಮ್ಮ ಕಡೆಯ ಕನ್ನಡ ಮಾತು ಹಿಡಿದಿಡುವವರು ಯಾರೂ ಇಲ್ಲ ಎಂದು ಅವರ ತಕರಾರು. ಒಂದು ರೆಕಾರ್ಡರ್, ಎರಡು ಮೈಕು ತಂದು ಕೆ.ಟಿ. ದೊಡ್ಡಿ, ಶಾಂತಿನಗರ, ಗದ್ವಾಲ ಎಂದು ತಿರುಗಿ ವಯಸ್ಸಾದವರನ್ನು ಮಾತಾಡಿಸತೊಡಗಿದರು. ಅದನ್ನು ಪಾಡ್‌ಕಾಸ್ಟ್ ಮಾಡಿ ರಾಯಚೂರಿನವರೆಗೂ ಕೇಳಿಸುವ ಆಸೆ ಅವರಿಗೆ. ಕತ್ತರಿ ನನ್ನ ಕೈಗೆ ಬಂತು. ಶಾಲೆಯಲ್ಲಿ ನನ್ನ ಬಾಯಿ ಮುಚ್ಚಿಸಿದವರಿಗೆ ನಾನು ಒಂದೇ ಷರತ್ತು ಹಾಕಿದೆ: ಆ ಹಿರಿಯರು ಮಾತಾಡುವಾಗ ನೀವು ಬಾಯಿ ಮುಚ್ಚಿಕೊಂಡಿರಬೇಕು, ಬೇಕಾದರೆ ತಲೆ ಆಡಿಸಿ, ದನಿ ಬೇಡ.

ಯಾಕೆಂದರೆ ನಮ್ಮ ಕಡೆ ಹೂಂ ಅನ್ನದೆ ಯಾರೂ ಮಾತು ಕೇಳುವುದಿಲ್ಲ. ಕತೆ ಹೇಳುವವರಿಗೆ ಒಬ್ಬರು ಹೂಂಗುಟ್ಟಲೇಬೇಕು. ತೆಲುಗಿನವರೂ ಊ ಕೊಡುತ್ತಾರೆ, ಆದರೆ ನಮ್ಮವರಷ್ಟು ಕಟ್ಟುನಿಟ್ಟು ಅವರಲ್ಲಿ ನಾನು ಕಂಡಿಲ್ಲ. ನನ್ನ ಅಜ್ಜಿ ಕತೆ ಹೇಳುವಾಗ ಹೂಂ ಬರುವುದು ಒಂದು ಸಲ ತಪ್ಪಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ರಾಜಕುಮಾರ ಬಾವಿಯಲ್ಲಿ ಅರ್ಧ ಇಳಿದವನು ಹಾಗೇ ತೂಗುತ್ತಿರಬೇಕು. ನಾವು ಯಾರಾದರೂ ಹೂಂ ಅಂದರೆ ಮಾತ್ರ ಅವನು ನೀರು ಮುಟ್ಟುತ್ತಿದ್ದ. ಕೇಳುವವರಿಲ್ಲದ ಮನೆಯಲ್ಲಿ ಕತೆ ಹೇಳಬಾರದು, ಬೇರೆ ಯಾರೋ ಬಂದು ಹೂಂ ಅನ್ನುತ್ತಾರೆ ಎಂದೂ ಆಕೆ ಹೇಳುತ್ತಿದ್ದಳು. ಬೇರೆ ಯಾರು ಎಂದು ಕೇಳಿದರೆ ಮುಖ ತಿರುಗಿಸುತ್ತಿದ್ದಳು. ನಾವು ಮಕ್ಕಳು ಅಂಗಳಕ್ಕೆ ಹೋಗುವುದಕ್ಕೂ ಜೋಡಿ ಹುಡುಕುತ್ತಿದ್ದೆವು.

ಗದ್ವಾಲದ ರೆಕಾರ್ಡಿಂಗ್ ಬಂದದ್ದು ಒಂದು ಬೇಸಿಗೆಯಲ್ಲಿ. ಮಾತಾಡಿದವನು ಒಬ್ಬ ಮುದುಕ, ಜೀವಮಾನವೆಲ್ಲ ಮಗ್ಗದ ಮೇಲೆ ಕುಳಿತು ಸೀರೆ ನೇಯ್ದವನು. ಮಾತು ಚೆನ್ನಾಗಿತ್ತು. ತನ್ನ ತಂದೆ ರಾಯಚೂರು ಕಡೆಯಿಂದ ಬಂದದ್ದು, ಸಾಹುಕಾರರು ಸೀರೆಯ ಅಂಚನ್ನು ಉಗುರಿನಿಂದ ಕೆರೆದು ನೋಡುತ್ತಿದ್ದದ್ದು, ಮದುವೆಯಾದ ಹೊಸತರಲ್ಲಿ ಹೆಂಡತಿ ಹತ್ತಿಗೂ ರೇಷ್ಮೆಗೂ ಗಂಟು ಬೀಳಿಸಿ ಅತ್ತದ್ದು. ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದ. ಆದರೆ ಒಂದೊಂದು ಮಾತು ಮುಗಿದಾಗಲೂ ಒಂದು ಹೂಂ. ನನಗೆ ರೇಗಿಹೋಯಿತು. ಮಾಸ್ತರರಿಗೆ ಫೋನು ಮಾಡಿ, ಬಾಯಿ ಮುಚ್ಚಿಕೊಂಡಿರಿ ಅಂದರೆ ನಿಮಗೆ ಅರ್ಥವಾಗುವುದಿಲ್ಲವೇ ಎಂದು ಕೇಳಿಯೇಬಿಟ್ಟೆ.

ಮಾಸ್ತರರು ಆಣೆ ಮಾಡಿದರು. ತಾವು ಬರೀ ತಲೆ ಆಡಿಸಿದ್ದಾಗಿ, ಕುತ್ತಿಗೆ ಇನ್ನೂ ನೋಯುತ್ತಿರುವುದಾಗಿ ಹೇಳಿದರು. ಹಾಗಾದರೆ ಕೋಣೆಯಲ್ಲಿ ಇನ್ನೊಬ್ಬರು ಯಾರಿದ್ದರು ಎಂದೆ. ಯಾರೂ ಇರಲಿಲ್ಲ, ತಾತ ಮತ್ತು ತಾವು ಇಬ್ಬರೇ ಎಂದರು. ನಾನು ಫೋನು ಇಟ್ಟು ಹೆಡ್‌ಫೋನು ಹಾಕಿಕೊಂಡೆ. ಈ ಸಲ ಮುದುಕನ ಮಾತು ಬಿಟ್ಟು ಹೂಂ ಒಂದನ್ನೇ ಕೇಳಿದೆ. ಅದು ಗಂಡಸಿನ ದನಿ ಅಲ್ಲವೇ ಅಲ್ಲ. ಹೆಂಗಸಿನದು. ಮೆತ್ತಗೆ, ದೂರದಿಂದ, ಗೋಡೆಯ ಒಳಗಿನಿಂದ ಬಂದ ಹಾಗೆ.

ಮಟಮಟ ಮಧ್ಯಾಹ್ನ. ನನ್ನ ಗಂಡ ಅಂಗಡಿಗೆ ಹೋಗಿದ್ದ, ಮನೆಯಲ್ಲಿ ನಾನೊಬ್ಬಳೇ. ಅಜ್ಜಿಯ ಆ ಬೇರೆ ಯಾರೋ ಇಷ್ಟು ವರ್ಷದ ಮೇಲೆ ನನ್ನ ಕಿವಿಯೊಳಗೇ ಬಂದು ಕುಳಿತಂತಾಯಿತು. ಹೆಡ್‌ಫೋನು ಕಿತ್ತಿಟ್ಟು, ಬಾಗಿಲು ತೆರೆದು ಕಟ್ಟೆಯ ಮೇಲೆ ಕುಳಿತು, ಬಿಸಿಲಲ್ಲಿ ಹೋಗಿಬರುವ ಜನರನ್ನು ನೋಡಿದೆ. ಸೊಪ್ಪಿನವಳು ಬಂದಳು. ಬೇಡದಿದ್ದರೂ ಅವಳನ್ನು ನಿಲ್ಲಿಸಿಕೊಂಡು ಪುಂಡಿಪಲ್ಲೆಗೆ ಚೌಕಾಸಿ ಮಾಡಿದೆ.

ಸಂಜೆ ಮಾಸ್ತರರೇ ಫೋನು ಮಾಡಿದರು. ಅವರಿಗೆ ನೆನಪಾಗಿತ್ತು. ಮಾತಾಡುವಾಗ ತಾತನ ಹೆಂಡತಿ ಒಳಗಿನ ಕೋಣೆಯಲ್ಲಿ ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದಳಂತೆ. ಎರಡನೆಯ ಮೈಕು ಆ ಬಾಗಿಲಿನ ಕಡೆಗೇ ಮುಖ ಮಾಡಿತ್ತಂತೆ. ಹೂಂ ಅಂದವಳು ಆಕೆಯೇ ಇರಬೇಕು. ನನಗೆ ಜೀವ ಬಂದಂತಾಯಿತು. ಇಷ್ಟೇ ತಾನೇ ಎಂದು ನಕ್ಕೆ. ಅತ್ತ ಕಡೆ ನಗು ಬರಲಿಲ್ಲ.

"ಮೊನ್ನಿ ಸೋಮವಾರ ಹೋಗಿಬಿಟ್ಲವ್ವ ಆ ತಾಯಿ," ಎಂದರು ಮಾಸ್ತರರು. "ಎದಿ ನೋವು ಅಂದ್ಲಂತ, ದವಾಖಾನಿ ಮುಟ್ಟಲಿಲ್ಲ. ಮಾತಾಡಿ ಬಂದು ಇನ್ನಾ ಒಂದು ವಾರ ಆಗಿದ್ದಿಲ್ಲ."

ನನ್ನ ಹೆದರಿಕೆ ಹೋಗಿ ಅರ್ಧ ನಿಮಿಷ ಆಗಿತ್ತೋ ಇಲ್ಲವೋ, ಮತ್ತೆ ಬಂದು ಕುಳಿತಿತು. ಈ ಸಲ ಅದು ಹೆದರಿಕೆಯೋ ದುಃಖವೋ ನನಗೇ ತಿಳಿಯದು. ಕಂಡಿಲ್ಲದ, ಹೆಸರು ಕೇಳಿಲ್ಲದ ಒಬ್ಬ ಹೆಂಗಸು ನನ್ನ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಕುಳಿತು ಗಂಡನಿಗೆ ಹೂಂಗುಟ್ಟುತ್ತಿದ್ದಳು.

ಮಾಸ್ತರರು ಒಂದೆರಡು ದಿನ ಬಿಟ್ಟು ಹೂಂ ಎಲ್ಲ ತೆಗೆದುಬಿಡು ಎಂದು ಹೇಳಿಕಳಿಸಿದರು. ಕೇಳುವವರಿಗೆ ಕಿರಿಕಿರಿಯಾಗುತ್ತದೆ, ಯಾರು ಏನು ಎಂದು ಗೊತ್ತಾಗುವುದಿಲ್ಲ ಎಂಬುದು ಅವರ ಮಾತು. ಅದು ಸರಿಯೇ. ನಾನೇ ಹಾಕಿದ ನಿಯಮ ಅದು. ನಾನು ಯಾವುದನ್ನೂ ಒಮ್ಮೆಗೇ ಅಳಿಸಿಹಾಕುವವಳಲ್ಲ, ತೆಗೆದದ್ದನ್ನು ಲ್ಯಾಪ್‌ಟಾಪಿನ ತೆರೆಯ ಮೇಲೆ ಅದರ ಕೆಳಗೇ ಇನ್ನೊಂದು ಸಾಲಿನಲ್ಲಿ ಇಟ್ಟುಕೊಳ್ಳುತ್ತೇನೆ. ಹಾಗೆ ಆಕೆಯ ಹೂಂಗಳನ್ನು ಒಂದೊಂದಾಗಿ ಎತ್ತಿ ಕೆಳಗಿನ ಸಾಲಿಗೆ ಇಳಿಸುತ್ತ ಹೋದೆ. ತೆರೆಯ ಮೇಲೆ ಅವನ ಮಾತು ದೊಡ್ಡ ದೊಡ್ಡ ಅಲೆಯಾಗಿ ಕಾಣುತ್ತಿತ್ತು. ಆಕೆಯದು ನಡುನಡುವೆ ಜೋಳದ ಕಾಳಿನಷ್ಟು.

ಆ ಕೆಲಸ ಮುಗಿಯುವ ಹೊತ್ತಿಗೆ ನನಗೆ ಆಕೆ ಗೊತ್ತಾಗಿದ್ದಳು. ಸುಮ್ಮನೆ ಮಾತು ಮುಂದೆ ಹೋಗಲಿ ಎಂದು ಅನ್ನುವ ಒಂದು ಗಿಡ್ಡ ಹೂಂ ಇತ್ತು. ತವರಿನ ಮಾತು ಬಂದಾಗ ಎಳೆದು ಅನ್ನುವ ಒಂದು ಇತ್ತು. ಗಂಡ ಬಡಾಯಿ ಕೊಚ್ಚಿದಾಗ ಮೂಗಿನಿಂದ ಬರುವ ಒಂದು ಹೂಂ, ಅದರಲ್ಲಿ ನಗು. ನನ್ನ ಗಂಡ ಪೇಪರು ಓದುತ್ತ ಹೂಂ ಅನ್ನುತ್ತಾನಲ್ಲ, ಅಂಥದ್ದು ಒಂದೂ ಇರಲಿಲ್ಲ. ಹಿಂದೆ ರಾಟೆಯ ಕಿರ್ ಕಿರ್ ಸದ್ದು ಇರುತ್ತಿತ್ತು. ಆಕೆ ಹೂಂ ಅನ್ನುವಾಗ ರಾಟೆಯನ್ನು ಒಂದು ಚಣ ನಿಲ್ಲಿಸುತ್ತಿದ್ದಳು, ಅಂದ ಮೇಲೆ ಮತ್ತೆ ತಿರುಗಿಸುತ್ತಿದ್ದಳು. ಆ ದಿನಗಳಲ್ಲಿ ನಾನು ಒಲೆಯ ಮುಂದೆ ನನ್ನಷ್ಟಕ್ಕೆ ಏನಾದರೂ ಅಂದುಕೊಂಡರೂ ಆಮೇಲೆ ಒಂದು ಗಳಿಗೆ ಸುಮ್ಮನೆ ನಿಂತು ಕಾಯುತ್ತಿದ್ದೆ. ಒಂದೆರಡು ಸಲ ಹೂಂ ಕೇಳಿಸಿತು ಕೂಡ. ಯಾರಿಗೂ ಹೇಳಲಿಲ್ಲ, ಹೇಳಿದರೆ ನಮ್ಮ ಅತ್ತೆ ತಾಯಿತ ಕಟ್ಟಿಸುತ್ತಿದ್ದಳು.

ಕೆಳಗಿನ ಸಾಲು ತುಂಬಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಾಳುಗಳು ಒಂದೇ ಸಮನೆ ಬಿದ್ದ ಸಾಲಿನಲ್ಲಿ ಒಂದು ಕಡೆ ಮಾತ್ರ ಏನೂ ಇಲ್ಲ. ಬರೀ ಗೆರೆ. ನಾನೇ ಬಿಟ್ಟಿರಬೇಕು ಎಂದು ಮೇಲಿನ ಸಾಲಿನಲ್ಲಿ ಆ ಜಾಗ ಹುಡುಕಿ ಕೇಳಿದೆ.

ಅಲ್ಲಿ ಅವನು ಹಿರಿಯ ಮಗಳ ಮಾತು ಹೇಳುತ್ತಿದ್ದ. ಆಕೆಯನ್ನು ರಾಯಚೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಬೇರೆ ರಾಜ್ಯ ಬೇಕೆಂದು ಜನ ಬೀದಿಗೆ ಇಳಿದಿದ್ದ ವರ್ಷಗಳು ಅವು. ಇವತ್ತು ಬಂದ್, ನಾಳೆ ರಸ್ತೆ ತಡೆ. ಮಗಳು ಜ್ವರ ಬಂದು ಮಲಗಿದ್ದಳು, ಬಂದು ಕರೆದುಕೊಂಡು ಹೋಗಿ ಎಂದು ಫೋನಿನಲ್ಲಿ ಅತ್ತಿದ್ದಳು. ಬಂದ್ ಮುಗಿಯುವುದರೊಳಗೆ ಆಕೆ ತೀರಿಕೊಂಡಳು ಎಂದು ಅವನು ಹೇಳಿದ. "ಹೋಗಬೇಕಂದ್ವಿ. ಅವತ್ತ ಬಸ್ ಇರಲಿಲ್ಲ," ಎಂದ ಮುದುಕ. ನಿಲ್ಲಿಸಿದ. ಮತ್ತೆ, "ಅವತ್ತ ಬಸ್ ಇರಲಿಲ್ಲ," ಎಂದ. ಕಾದ. ಇನ್ನೊಂದು ಸಲ ಅದೇ ಮಾತು. ಆಮೇಲೆ ಕೆಮ್ಮಿ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ನೀರು ನುಗ್ಗಿದ ಒಂದು ಮಳೆಗಾಲದ ಮಾತಿಗೆ ಹಾರಿಬಿಟ್ಟ.

ಆಕೆಗೆ ಕೇಳಿಸಿರಲಿಲ್ಲವೇನೋ, ಎದ್ದು ಹೋಗಿದ್ದಳೇನೋ ಎಂದುಕೊಂಡು ದನಿ ಏರಿಸಿ ಮತ್ತೆ ಕೇಳಿದೆ. ಅವನು ಮೊದಲ ಸಲ ಹೇಳಿದಾಗಲೇ ರಾಟೆ ನಿಂತಿತ್ತು. ಮೂರೂ ಸಲ ನಿಂತೇ ಇತ್ತು. ಅವನು ಮಳೆಗಾಲದ ಮಾತಿಗೆ ಹೋದ ಮೇಲೆ ಕಿರ್ ಎಂದು ತಿರುಗಿತು. ಆಕೆ ಅಲ್ಲೇ ಇದ್ದಳು, ಕೇಳಿದ್ದಳು. ಹೂಂ ಅನ್ನಲಿಲ್ಲ. ನಾನು ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಎದ್ದು ಬಟ್ಟೆ ಒಣಹಾಕಲು ಹೋದೆ.

ಕೆಲಸ ಕೆಲಸವೇ. ಕಂತುಗಳು ಹೋಗಬೇಕಿತ್ತು. ಮಾಸ್ತರರಿಗೆ ಆ ಭಾಗವೇ ಬಹಳ ಹಿಡಿಸಿತು. ಬಂದ್ ದಿನಗಳ ನೆನಪು, ಎಲ್ಲರಿಗೂ ತಟ್ಟುತ್ತದೆ, ಅದನ್ನೇ ಕ್ಲಿಪ್ ಮಾಡು ಎಂದರು. ಮೂರು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿ, ನಡುವಿನ ಮೌನ ತೆಗೆದು, ಒಂದು ನಿಮಿಷಕ್ಕೆ ಕೂರಿಸಿದೆ. ಹಾಗೆ ಮಾಡಿದಾಗ ಆ ಮಾತು ಕಲ್ಲಿನಲ್ಲಿ ಕೆತ್ತಿದ ಹಾಗೆ ಗಟ್ಟಿಯಾಗಿ ಕೇಳಿಸುತ್ತಿತ್ತು. ಅದು ಊರೂರು ತಿರುಗಿತು. ಹೌದು, ಆ ದಿನಗಳಲ್ಲಿ ನಾವೂ ಬಸ್ಸಿಲ್ಲದೆ ಒದ್ದಾಡಿದೆವು, ನಮ್ಮ ಮನೆಯಲ್ಲೂ ಹೀಗೇ ಆಯಿತು ಎಂದು ಎಷ್ಟೋ ಜನ ಬರೆದರು. ಈಗಲೂ ಯಾರಾದರೂ ಅದನ್ನು ನನ್ನ ಫೋನಿಗೇ ಕಳಿಸುತ್ತಾರೆ, ಕೇಳಿ ನೋಡಿ ಎಂದು. ನಾನು ತೆರೆಯುವುದಿಲ್ಲ.

ಆ ಕ್ಲಿಪ್ ಮುದುಕನ ಕಿವಿಗೂ ಬಿತ್ತು. ಅವನ ಕಿರಿಯ ಮಗಳು, ಗದ್ವಾಲದಲ್ಲೇ ಮದುವೆಯಾದವಳು, ಅಪ್ಪನಿಗೆ ಅಡಿಗೆ ಮಾಡಿ ಹಾಕಲು ದಿನಾ ಬರುತ್ತಿದ್ದಳು. ಅವಳ ಫೋನಿನಲ್ಲಿ ಕೇಳಿದ ಮೇಲೆ ಅವನು, ನಿಮ್ಮವ್ವನ ಹೂಂ ಎಲ್ಲಿ ಹೋದವು ಎಂದನಂತೆ. ಅವಳು ಮಾಸ್ತರರಿಂದ ನನ್ನ ನಂಬರು ತೆಗೆದುಕೊಂಡು ಕೇಳಿದಳು. ಎಲ್ಲ ನನ್ನ ಹತ್ತಿರ ಇವೆ, ಒಂದೂ ಕಳೆದಿಲ್ಲ ಎಂದೆ. ಹಾಗಾದರೆ ಲ್ಯಾಪ್‌ಟಾಪ್ ತೆಗೆದುಕೊಂಡು ಒಂದು ದಿನ ಬರಲಾದೀತೇ, ಅಪ್ಪ ನಿಮ್ಮನ್ನೇ ಕರೆಯುತ್ತಿದ್ದಾನೆ ಎಂದಳು.

ನನಗೆ ಹೋಗುವ ಮನಸ್ಸಿರಲಿಲ್ಲ. ಎರಡು ಸಲ ನೆವ ಹೇಳಿದೆ. ಮೂರನೆಯ ಸಲ ಅವಳು ಏನೂ ಒತ್ತಾಯ ಮಾಡದೆ ಸುಮ್ಮನೆ ಫೋನು ಹಿಡಿದುಕೊಂಡಿದ್ದಳು, ಅದೇ ಸಾಕಾಯಿತು. ಅಮರಚಿಂತದ ಮೇಲೆ ಗದ್ವಾಲಕ್ಕೆ ಹೋಗುವ ಬಸ್ಸು ಹತ್ತಿದೆ. ಜೂರಾಲ ಅಣೆಕಟ್ಟೆಯ ಮೇಲೆ ಬಸ್ಸು ನಿಧಾನವಾದಾಗ ಕೃಷ್ಣೆ ಎರಡೂ ಕಡೆ ಸದ್ದಿಲ್ಲದೆ ಬಿದ್ದಿತ್ತು. ತೊಡೆಯ ಮೇಲಿನ ಚೀಲದಲ್ಲಿ ಆ ಹೆಂಗಸಿನ ದನಿ ಇದೆ, ಅವಳನ್ನು ಅವಳ ಮನೆಗೇ ವಾಪಸು ಕರೆದುಕೊಂಡು ಹೋಗುತ್ತಿದ್ದೇನೆ ಅನಿಸಿತು. ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಮನೆ ಕೋಟೆಯ ಹಿಂದಿನ ಓಣಿಯಲ್ಲಿ. ಬಾಗಿಲಲ್ಲೇ ಮಗಳು ಸಿಕ್ಕಳು. ನನಗಿಂತ ಚಿಕ್ಕವಳು, ದಣಿದ ಮುಖ. ಅವ್ವ ಹೋದಾಗಿನಿಂದ ಅಪ್ಪ ಮಾತು ಮುಗಿಸುವುದಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ನೀರು ಕೊಡು ಎನ್ನುವುದಕ್ಕೂ ನೀರು ಎಂದು ನಿಲ್ಲಿಸುತ್ತಾನಂತೆ. ಕಾಯುತ್ತಾನಂತೆ. ಆಮೇಲೆ ಬಿಟ್ಟುಬಿಡುತ್ತಾನಂತೆ. ಊಟವೂ ಹಾಗೇ ಅರ್ಧ. ನೀನೇ ಹೂಂ ಅನ್ನಬಾರದೇ ತಾಯಿ, ಮುದುಕ ಒಂದು ತುತ್ತು ಹೆಚ್ಚು ತಿಂದಾನು ಎಂದೆ. ನನ್ನ ಬಾಯಿ ಯಾವಾಗಲೂ ಹೀಗೇ, ಮೊದಲು ಓಡುತ್ತದೆ.

ಅವಳು ಹೊಸ್ತಿಲು ನೋಡುತ್ತ ನಿಂತಳು. "ನಾ ಒಮ್ಮೆ ಹೂಂ ಅನ್ನಾಕ ಸುರು ಮಾಡಿದ್ರ ಆ ಬಸ್ಸಿನ ಮಾತಿಗೂ ಅನಬೇಕಾಗತೈತ್ರಿ ಅಕ್ಕಾರ," ಎಂದಳು. "ಬಂದವರಿಗೆಲ್ಲ ಅದನ್ನ ಹೇಳತಾನ. ಇಷ್ಟು ವರ್ಸದಾಗ ಅವ್ವ ಅದಕ್ಕ ಒಂದಿನಾನೂ ಅಂದಿಲ್ಲ. ನಾ ಹೆಂಗ ಅನ್ಲಿ?"

ಅವಳು ಒಳಗೆ ಅಡಿಗೆ ಕೋಣೆಗೆ ಹೋದಳು. ನಾನು ಪಡಸಾಲೆಗೆ ಬಂದೆ. ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿತ್ತು, ಅದರ ಮೇಲೆ ಅವನು ಕುಳಿತಿದ್ದ. ದನಿ ಕೇಳಿ ನಾನು ಎಣಿಸಿದ್ದಕ್ಕಿಂತ ಬಹಳ ಸಣ್ಣ ಮನುಷ್ಯ. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು, ರಾಟೆಯ ಒಂದು ಪಕ್ಕ ಕಾಣುತ್ತಿತ್ತು. ನಾನು ಅದಕ್ಕೆ ಬೆನ್ನು ಮಾಡಿ ಕುಳಿತೆ.

ಮೊದಲು ಹೂಂಗಳನ್ನಷ್ಟೇ ಕೇಳಿಸಿದೆ. ಕೆಳಗಿನ ಸಾಲು, ಬರೀ ಅದು. ಖಾಲಿ ಕೋಣೆಯಲ್ಲಿ ಆಕೆ ಒಂದಾದಮೇಲೊಂದು ಹೂಂ ಅನ್ನುತ್ತ ಹೋದಳು, ಯಾರ ಮಾತಿಗೂ ಅಲ್ಲದೆ. ನನಗೆ ತಡೆಯಲಾಗದೆ ಎರಡು ಸಲ ನಿಲ್ಲಿಸಲು ಕೈ ಚಾಚಿದೆ. ಅವನು ಬೇಡ ಎಂದು ಕೈ ಮಾಡಿದ. ಅಡಿಗೆ ಕೋಣೆಯಲ್ಲಿ ಪಾತ್ರೆಯ ಸದ್ದು ನಿಂತುಹೋಗಿತ್ತು. ಒಂದೊಂದು ಹೂಂಗೂ ಅವನ ತುಟಿ ಅಲುಗುತ್ತಿತ್ತು. ಯಾವ ಮಾತಿಗೆ ಆಕೆ ಅದನ್ನು ಅಂದಳು ಎಂಬುದು ಅವನಿಗೆ ಗೊತ್ತಿತ್ತು. ಖಾಲಿ ಜಾಗ ಬಂದಾಗಲೂ ಅವನಿಗೆ ಗೊತ್ತಾಯಿತು. ಅಲ್ಲಿ ಅವನು ಕಣ್ಣು ಮುಚ್ಚಿದ.

"ಇಲ್ಲಿ ಒಂದು ಇಡವ್ವ," ಎಂದ. "ಬ್ಯಾರೆ ಕಡೀದು ಒಂದು ತಗದು ಇಲ್ಲಿಡು. ನಿನಗ ಬರತೈತಿ ಅಂತ ಮಾಸ್ತರ್ ಹೇಳ್ಯಾರ."

ಬರುತ್ತದೆ. ಅದು ದೊಡ್ಡ ಕೆಲಸವೇ ಅಲ್ಲ. ಎಲ್ಲಿಂದಲಾದರೂ ಒಂದು ಕಾಳು ಎತ್ತಿ ಇಲ್ಲಿ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ನನ್ನ ಕೈ ಮೇಲೇಳಲಿಲ್ಲ. ಇದ್ದದ್ದನ್ನು ತೆಗೆಯುವುದು ನನಗೆ ದಿನದ ಕೆಲಸ. ಇಲ್ಲದ್ದನ್ನು ಇಡುವುದನ್ನು ನಾನು ಮದುವೆ ವಿಡಿಯೋದಲ್ಲೂ ಮಾಡಿದವಳಲ್ಲ. ಅದೂ ಸತ್ತವಳ ಬಾಯಿಯಿಂದ, ಆಕೆ ಬದುಕಿದ್ದಾಗ ಅನ್ನದೇ ಬಿಟ್ಟ ಮಾತನ್ನು. ತಾತ, ಆಕೆ ಅಂದಿಲ್ಲ, ಅದು ಸುಳ್ಳಾಗುತ್ತದೆ ಎಂದೆ. ಅವನು ವಾದ ಮಾಡಲಿಲ್ಲ. ಆಕೆ ಹೋಗಿಬಿಟ್ಟಿದ್ದಾಳೆ, ಇನ್ನು ಕೇಳೋಣ ಅಂದರೂ ಇಲ್ಲ, ನೀನು ಕೊಟ್ಟರೆ ಒಂದು ಸಲ ಕೇಳಿ ಕಣ್ಣು ಮುಚ್ಚುತ್ತೇನೆ ಎನ್ನುವಂತೆ ಅರ್ಧಂಬರ್ಧ ಏನೋ ಹೇಳಿ ನಡುವೆ ನಿಲ್ಲಿಸಿದ. ನನ್ನ ಮುಖವನ್ನೇ ನೋಡುತ್ತಿದ್ದ. ಮುದುಕರ ಕಣ್ಣಲ್ಲಿ ನೀರು ನಿಂತರೆ ನನಗೆ ಕೈಕಾಲು ಆಡುವುದಿಲ್ಲ. ಆಗಲಿ, ಇವನ ಸಮಾಧಾನಕ್ಕೆ, ಈ ಕೋಣೆಯಲ್ಲೇ ಒಂದು ಸಲ ಕೇಳಿಸಿ ಇಲ್ಲೇ ಅಳಿಸಿಬಿಡೋಣ ಎಂದು ನನಗೆ ನಾನೇ ಹೇಳಿಕೊಂಡೆ.

ಇದ್ದುದರಲ್ಲಿ ಬಹಳ ಮೆತ್ತಗಿನ ಒಂದು ಹೂಂ ಆರಿಸಿ ಆ ಗೆರೆಯ ಮೇಲೆ ಇಟ್ಟೆ. ಒತ್ತಿದೆ. ಅವತ್ತ ಬಸ್ ಇರಲಿಲ್ಲ ಎಂದು ಅವನ ದನಿ ಹೇಳಿತು. ಹೂಂ, ಎಂದಳು ಆಕೆ. ನನ್ನ ಬೆನ್ನಿನ ಹಿಂದಿನ ಬಾಗಿಲಿನಿಂದಲೇ ಬಂದ ಹಾಗಿತ್ತು. ನಾನು ತಿರುಗಿ ನೋಡಲಿಲ್ಲ, ಧೈರ್ಯವಾಗಲಿಲ್ಲ.

ಅವನು ಇನ್ನೊಂದು ಸಲ ಕೇಳಿಸು ಎಂದ. ಕೇಳಿಸಿದೆ. ಅವನು ತಲೆ ಅಲ್ಲಾಡಿಸಿದ.

"ಇದು ಇಲ್ಲಿದಲ್ಲ," ಎಂದ. "ಇದು ಅಕಿ ಅಪ್ಪ ಸತ್ತ ಸುದ್ದಿ ಹೇಳಿದಾಗ ಅಂದದ್ದು."

ಬೇರೆ ಒಂದನ್ನು ಇಟ್ಟೆ. ಅದು ತಾನು ಮೊದಲ ರೇಷ್ಮೆ ಸೀರೆ ನೇಯ್ದ ಮಾತಿಗೆ ಅಂದದ್ದು, ನಗುತ್ತ ಅಂದಿದ್ದಾಳೆ ಎಂದ. ಇನ್ನೊಂದನ್ನು ಇಟ್ಟೆ. ಅದು ಸುಮ್ಮನೆ ಅಂದದ್ದು, ಒಲೆಯ ಮೇಲೆ ಹಾಲಿತ್ತು, ಆಕೆಯ ಲಕ್ಷ್ಯ ಅಲ್ಲಿತ್ತು ಎಂದ. ಸಾಲಿನಲ್ಲಿ ಇದ್ದವುಗಳನ್ನೆಲ್ಲ ತಂದು ಇಟ್ಟರೂ ಒಂದೂ ಕೂರುವುದಿಲ್ಲ ಎಂದು ನನಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಅವನಿಗೂ ತಿಳಿದಿತ್ತು. ಆ ಮಾತಿಗೆ ಆಕೆಯ ಹತ್ತಿರ ಹೂಂ ಇರಲೇ ಇಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಹೊರಗೆ ಯಾರೋ ಹಳೇ ಪಾತ್ರೆ ಎಂದು ಕೂಗುತ್ತ ಹೋದ. ಮುದುಕ ತಾನು ಕುಳಿತ ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ನಾನು ಎದ್ದು ಹೋಗಬೇಕು ಎಂದುಕೊಂಡೆ, ಏಳಲಾಗಲಿಲ್ಲ. ಆಮೇಲೆ ಅವನು ತಲೆ ಎತ್ತದೆ ಮಾತಾಡಿದ. ನನಗಲ್ಲ, ನನ್ನ ಹಿಂದಿನ ಬಾಗಿಲಿಗೆ.

"ಬಸ್ ಇತ್ತು," ಎಂದ. "ಬಂದ್ ಮರುದಿನದ್ದು. ಸೀರಿ ಸೆರಗು ಒಂದು ಉಳದಿತ್ತು. ಮುಗಿಸಿ ನಾಳೆ ಹೋದ್ರಾತು ಅಂದೆ."

ನಿಲ್ಲಿಸಿದ. ಕಾದ. ರೂಢಿ ಅದು, ಇಷ್ಟು ವರ್ಷದ ರೂಢಿ. ಮುಖ ಮೇಲೆತ್ತಿ ಬಾಗಿಲಿನ ಕಡೆ ನೋಡುತ್ತಿದ್ದ. ಒಳಕೋಣೆಯಲ್ಲಿ ಏನೂ ಇರಲಿಲ್ಲ, ರಾಟೆ ಒಂದು ಇತ್ತು. ನನ್ನ ಗಂಟಲಿಗೆ ಹೂಂ ಬಂದು ನಿಂತಿತು. ನಾನು ಅನ್ನಬಾರದು ಎಂದು ಹಲ್ಲು ಕಚ್ಚಿದೆ. ಅದು ನನ್ನದಾಗಿರಲಿಲ್ಲ.

"ಹೂಂ."

ಅದೇ ದನಿ. ತಾಸುಗಟ್ಟಲೆ ಕಿವಿಗೆ ಒತ್ತಿಕೊಂಡು ಕೇಳಿದ ದನಿ ಅದು, ನಾನು ತಪ್ಪುವ ಪ್ರಶ್ನೆಯೇ ಇರಲಿಲ್ಲ. ತಿರುಗಿ ನೋಡಿದೆ. ಅಡಿಗೆ ಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು, ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ. ಅವಳ ಕಣ್ಣು ಅಪ್ಪನ ಮೇಲಿರಲಿಲ್ಲ, ಎಲ್ಲೋ ನೆಲದ ಮೇಲೆ ಇತ್ತು. ಕೆನ್ನೆ ಒದ್ದೆಯಾಗಿತ್ತು.

ಮುದುಕ ಅವಳನ್ನು ನೋಡಲಿಲ್ಲ. ನೋಡಿದರೆ ಏನಾದೀತೋ ಎಂಬ ಹಾಗೆ ಬಾಗಿಲಿನ ಕಡೆಗೇ ಮುಖವಿಟ್ಟು, ಗಂಟಲು ಸರಿಮಾಡಿಕೊಂಡ.

"ನಿಮ್ಮವ್ವ ಚೀಲ ತುಂಬಿ ಹೊಸ್ತಲದಾಗ ನಿಂತಿದ್ಲು," ಎಂದ. "ನಾನ ಆ ಚೀಲ ಇಸಗೊಂಡು ಒಳಗಿಟ್ಟೆ."

ಮಾಸ್ತರರು ಕೊಟ್ಟುಕಳಿಸಿದ್ದ ರೆಕಾರ್ಡರ್ ನನ್ನ ಚೀಲದಲ್ಲೇ ಇತ್ತು. ನಾನು ತೆಗೆಯಲಿಲ್ಲ. ಮಗಳು ಒಂದು ಸಲ ಉಸಿರು ಎಳೆದುಕೊಂಡಳು. ಆಮೇಲೆ ಬಂದು ಹಲಗೆಯ ಪಕ್ಕ, ಅಪ್ಪನಿಂದ ಒಂದು ಮಾರು ದೂರ ನೆಲದ ಮೇಲೆ ಕುಳಿತು, "ಹೂಂ" ಎಂದಳು.